ಗೌಡ್ರು ನಿಲ್ಲಬಹುದಾದ ಜಾಗ

ಹೂಟಗಳ್ಳಿಯ ಆ ಕಾರ್ಖಾನೆಯ ಮ್ಯಾನೇಜರ್ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಎದೆಯಲ್ಲಿ ಪೇಸ್‌ಮೇಕರ್ ಇರೋ ಮನುಷ್ಯ ಇಂಡಕ್ಷನ್ ಮೆಷಿನ್ ಹತ್ರ ಕೆಲಸ ಮಾಡಬಹುದಾ, ಇಲ್ವಾ? ಎರಡರಲ್ಲಿ ಒಂದು ಬರೆದುಕೊಟ್ಟುಬಿಡಿ."

ಅಳೆಯದೆ ಎರಡನ್ನೂ ಬರೆಯಲಾರೆ ಎಂದೆ.

ಯಂತ್ರಗಳ ಸುತ್ತ, ದೊಡ್ಡ ತಂತಿಗಳ ಕೆಳಗೆ, ಆಸ್ಪತ್ರೆಗಳ ಸ್ಕ್ಯಾನಿಂಗ್ ಕೋಣೆಯ ಹೊರಗೆ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವೂ ಎಷ್ಟು ತೀವ್ರವಾಗಿವೆ ಎಂದು ಅಳೆಯುವುದು ನನ್ನ ಕೆಲಸ. ಸರಸ್ವತಿಪುರಂನಲ್ಲಿ ಒಂದು ಟ್ಯುಟೋರಿಯಲ್‌ನ ಮೇಲಿನ ಮಹಡಿಯಲ್ಲಿ ನಮ್ಮ ಪುಟ್ಟ ಪ್ರಯೋಗಾಲಯವಿದೆ. ಸಾಮಾನ್ಯವಾಗಿ ನಾನು ಅಳೆಯುವುದು ಖಾಲಿ ಜಾಗವನ್ನು. ಅಲ್ಲಿ ಯಾರು ನಿಲ್ಲುತ್ತಾರೆ ಎಂಬುದು ನನಗೆ ಗೊತ್ತಿರುವುದಿಲ್ಲ. ಈ ಸಲ ನಿಲ್ಲಬೇಕಾದವರು ಯಾರೆಂಬುದು ಮೊದಲೇ ಗೊತ್ತಿತ್ತು.

ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಗೌಡ್ರು ಎನ್ನುತ್ತಿದ್ದರು. ಇಲವಾಲದ ಆಚೆಯ ಹಳ್ಳಿಯವರು, ಐವತ್ತು ದಾಟಿದವರು. ಹರೆಯದಲ್ಲೇ ಇಲ್ಲಿಗೆ ಸೇರಿ, ಇಂಡಕ್ಷನ್ ಯಂತ್ರ ಬಂದ ದಿನದಿಂದ ಅದರ ಆಪರೇಟರ್ ಆಗಿದ್ದವರು. ಕಳೆದ ಚಳಿಗಾಲದಲ್ಲಿ ಮನೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಾಗ, ಹೃದಯದ ಬಡಿತ ಆಗಾಗ ತಡೆದು ನಿಲ್ಲುತ್ತಿದೆ ಎಂದು ಗೊತ್ತಾಗಿ ಪೇಸ್‌ಮೇಕರ್ ಹಾಕಿದ್ದರು. ಗುಣವಾಗಿ ಬಂದ ಮೇಲೆ ಮ್ಯಾನೇಜರ್ ಅವರನ್ನು ಯಂತ್ರದ ಬಳಿ ಬಿಡದೆ, ಗೋಡೆಯ ಆಚೆ ಬದಿಯಲ್ಲಿದ್ದ ಟೂಲ್ ರೂಮಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು.

ಮೊದಲ ದಿನ ಅವರನ್ನು ಕಂಡದ್ದೂ ಅಲ್ಲಿಯೇ. ಸ್ಪ್ಯಾನರುಗಳು, ಡ್ರಿಲ್ ಬಿಟ್‌ಗಳು ತುಂಬಿದ ರ‍್ಯಾಕುಗಳ ನಡುವೆ ಕೈಕಟ್ಟಿ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

"ನಂಗೆ ನನ್ ಮೆಷಿನ್ ಕೊಡ್ಸುಬುಡಿ ಮೇಡಂ," ಎಂದರು ನೇರವಾಗಿ. "ಇಲ್ಲೇನ್ ಕೆಲ್ಸ ಅದೆ? ಯಾರಾರು ಬಂದು ಸ್ಪ್ಯಾನರ್ ಕೇಳುದ್ರೆ ಕೊಡೋದು, ಮತ್ತೆ ಕುಂತ್ಕೊಳೋದು. ಕುಂತು ಕುಂತು ತಲೆ ಸುತ್ತಂಗಾಯ್ತದೆ."

ಬೇಸರಕ್ಕೆ ಹೇಳುವ ಮಾತು ಎಂದುಕೊಂಡೆ. ಮ್ಯಾನೇಜರ್ ಕೂಡ ನಕ್ಕು, "ಆರಾಮಾಗಿ ಕೂತ್ಕೊಳಿ ಅಂದ್ರೆ ಕೇಳಲ್ಲ ನೋಡಿ ಈ ಯಪ್ಪ," ಎಂದರು. ಆತ ಕೆಟ್ಟ ಮನುಷ್ಯನಲ್ಲ. ಗೌಡ್ರು ಆಸ್ಪತ್ರೆಯಲ್ಲಿದ್ದಾಗ ಬಿಡುವು ಸಿಕ್ಕಾಗಲೆಲ್ಲ ಹೋಗಿ ನೋಡಿಕೊಂಡು ಬಂದವರು.

ಆ ಯಂತ್ರದ ಬಗ್ಗೆ ಎರಡು ಮಾತು ಹೇಳಬೇಕು. ತಾಮ್ರದ ಕೊಳವೆಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಅದು ಬಿಸಿಯಾಗದಂತೆ ಒಳಗೆ ನೀರು ಹರಿಯುತ್ತಿರುತ್ತದೆ. ಆ ಸುರುಳಿಯಲ್ಲಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಭಾರೀ ವಿದ್ಯುತ್ ಪ್ರವಾಹ. ಅದರೊಳಗೆ ಉಕ್ಕಿನ ಸರಳು ಇಟ್ಟರೆ ಬೆಂಕಿಯಿಲ್ಲದೆ, ಯಾವುದೂ ತಾಗದೆ, ಸರಳು ತಾನಾಗಿಯೇ ಕೆಂಪಗೆ ಕಾಯುತ್ತದೆ. ಬದಲಾಗುತ್ತಿರುವ ಕಾಂತಕ್ಷೇತ್ರ ಉಕ್ಕಿನೊಳಗೇ ಪ್ರವಾಹ ಹುಟ್ಟಿಸುವುದರಿಂದ ಆಗುವ ಕೆಲಸ ಇದು. ಅದೇ ಕ್ಷೇತ್ರ, ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ಸಣ್ಣ ತಂತಿಯಲ್ಲೂ ಚೂರು ವಿದ್ಯುತ್ ಹುಟ್ಟಿಸಬಲ್ಲದು. ಆಗ ಪೇಸ್‌ಮೇಕರ್, ಹೃದಯ ತಾನೇ ಬಡಿದುಕೊಂಡಿತು ಎಂದು ತಿಳಿದು ಸುಮ್ಮನಾಗಿಬಿಡಬಹುದು. ಆ ಸುಮ್ಮನಾಗುವುದೇ ಅಪಾಯ.

ಪೇಸ್‌ಮೇಕರ್ ತಯಾರಿಸಿದ ಕಂಪನಿಯ ಎಂಜಿನಿಯರ್ ಜೊತೆ ಮಾತಾಡಿ, ಆ ಮಾದರಿ ಈ ಆವರ್ತನದಲ್ಲಿ ಎಷ್ಟು ಕ್ಷೇತ್ರವನ್ನು ತಡೆದುಕೊಳ್ಳುತ್ತದೆ ಎಂದು ತಿಳಿದುಕೊಂಡಿದ್ದೆ. ಅವರು ಹೇಳಿದ ಮಿತಿಯ ಅರ್ಧವನ್ನೇ ನನ್ನ ಮಿತಿ ಎಂದು ಇಟ್ಟುಕೊಂಡೆ. ಯಂತ್ರಗಳು ದಿನಕ್ಕೊಂದು ರೀತಿ ನಡೆಯುತ್ತವೆ. ಮನುಷ್ಯರೂ ಹೇಳಿದ ಕಡೆಯೇ ನಿಲ್ಲುವುದಿಲ್ಲ.

ಸುರುಳಿಯನ್ನು ನಡುವಿಗಿಟ್ಟುಕೊಂಡು ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಮಾನುಗಳನ್ನು ಬರೆದೆ. ಮೊದಲು ವಿದ್ಯುತ್ ಕ್ಷೇತ್ರ. ಅದನ್ನು ಅಳೆಯುವಾಗ ಉಪಕರಣವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲಿಟ್ಟು ನಾನು ದೂರ ನಿಲ್ಲಬೇಕು. ನನ್ನ ಮೈಯೇ ಆ ಕ್ಷೇತ್ರವನ್ನು ಬಾಗಿಸಿ ಸುಳ್ಳು ಅಂಕಿ ತೋರಿಸುತ್ತದೆ. ವಿದ್ಯುತ್ ಕ್ಷೇತ್ರದಿಂದ ತೊಂದರೆಯಿರಲಿಲ್ಲ. ಯಂತ್ರಕ್ಕೆ ತಗಡಿನ ಕವಚವಿದ್ದು, ಅದನ್ನು ಸರಿಯಾಗಿ ಭೂಮಿಗೆ ಜೋಡಿಸಿದ್ದರು. ವಿದ್ಯುತ್ ಕ್ಷೇತ್ರಕ್ಕೆ ಅಷ್ಟು ಸಾಕು, ಅಲ್ಲೇ ನಿಂತುಬಿಡುತ್ತದೆ. ಕಾಂತಕ್ಷೇತ್ರ ಹಾಗಲ್ಲ. ಅದಕ್ಕೆ ಇಟ್ಟಿಗೆ ಗೋಡೆ ಇದ್ದೂ ಇಲ್ಲದಂತೆ.

ಮೀಟರಿಗೆ ಜೋಡಿಸಿದ ಚೆಂಡಿನಂಥ ಪ್ರೋಬ್ ಅನ್ನು ಎದೆಯ ಎತ್ತರಕ್ಕೆ ಹಿಡಿದು ಕಮಾನಿನಿಂದ ಕಮಾನಿಗೆ ನಡೆದೆ. ಸುರುಳಿಯ ಪಕ್ಕದಲ್ಲಿ ಮೀಟರ್ ಅಳತೆ ಮೀರಿ ಕೂಗಿಕೊಂಡಿತು. ಹಿಂದೆ ಸರಿದಂತೆ ಅಂಕಿ ದಬದಬ ಬಿತ್ತು. ಸುರುಳಿಯ ಕ್ಷೇತ್ರದ ಸ್ವಭಾವವೇ ಅದು: ದೂರ ಎರಡು ಪಟ್ಟಾದರೆ ತೀವ್ರತೆ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಗೌಡ್ರು ನಿಲ್ಲುತ್ತಿದ್ದ ಕಂಟ್ರೋಲ್ ಪ್ಯಾನೆಲ್ಲಿನ ಮುಂದೆ ಅದು ನನ್ನ ಮಿತಿಗಿಂತ ಎಷ್ಟೋ ಕೆಳಗಿತ್ತು.

ಖುಷಿಯಾಯಿತು. ಆದರೆ ಸುರುಳಿಯಿಂದ ಹೊರಬಂದ ಸರಳನ್ನು ನೋಡಿದೆ, ಹೆಬ್ಬೆರಳಿಗಿಂತ ದಪ್ಪವಿರಲಿಲ್ಲ.

"ಇದಕ್ಕಿಂತ ದಪ್ಪದ್ದು ಕಾಯಿಸಲ್ವಾ?" ಎಂದು ಕೇಳಿದೆ.

"ಕಾಯಿಸ್ತೀವಲ್ಲ, ಆಕ್ಸಲ್ ಶಾಫ್ಟು. ಆ ಆರ್ಡರ್ ಮುಂದಿನ ವಾರ," ಎಂದರು ಮ್ಯಾನೇಜರ್. "ಇವತ್ತಿಂದೇ ತಗೊಂಡು ಬರೀಬಹುದಲ್ವಾ?"

ದಪ್ಪ ಉಕ್ಕಿಗೆ ಹೆಚ್ಚು ಪ್ರವಾಹ ಬೇಕು. ಪ್ರವಾಹ ಎಷ್ಟು ಏರುತ್ತದೋ ಕ್ಷೇತ್ರವೂ ಅಷ್ಟೇ ಏರುತ್ತದೆ. ಆ ದಿನದ ಅಂಕಿಗಳನ್ನು ಪಕ್ಕಕ್ಕಿಟ್ಟು ವಾಪಸ್ ಬಂದೆ.

ಮರುವಾರ ಶಾಫ್ಟುಗಳು ಬಂದವು. ಯಂತ್ರ ಪೂರ್ಣ ಶಕ್ತಿಯಲ್ಲಿ ಗುಂಯ್ಗುಡುತ್ತಿತ್ತು. ಪ್ಯಾನೆಲ್ಲಿನ ಮುಂದಿನ ಅಂಕಿ ಕಂಪನಿಯ ಮಿತಿಯೊಳಗಿತ್ತು, ನನ್ನ ಅರ್ಧ ಮಿತಿಯನ್ನು ಮಾತ್ರ ತುಸು ದಾಟಿತ್ತು. ಪ್ಯಾನೆಲ್ ಅನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ಮುಗಿಯಿತು ಎಂದು ಲೆಕ್ಕ ಹಾಕಿದೆ. ಉಪಕರಣ ಪೆಟ್ಟಿಗೆಗೆ ತುಂಬುವ ಮೊದಲು, ಯಂತ್ರದ ಪ್ರಭಾವವಿಲ್ಲದ ಜಾಗದ್ದೂ ಒಂದು ಅಳತೆ ಇರಲಿ, ಹೋಲಿಸಿ ಬರೆಯಬಹುದು ಎಂದು ಟೂಲ್ ರೂಮಿಗೆ ಹೋದೆ.

ಗೌಡ್ರ ಕುರ್ಚಿಯ ಪಕ್ಕದಲ್ಲಿ ಪ್ರೋಬ್ ಹಿಡಿದಾಗ ಕಂಡ ಅಂಕಿಯನ್ನು ನಾನು ನಂಬಲಿಲ್ಲ. ಯಂತ್ರದ ಪ್ಯಾನೆಲ್ಲಿಗಿಂತ ಎಷ್ಟೋ ಹೆಚ್ಚು. ಕಂಪನಿಯ ಮಿತಿಯನ್ನೂ ದಾಟಿತ್ತು.

ಮೀಟರ್ ಕೆಟ್ಟಿತೆಂದುಕೊಂಡೆ. ಅದನ್ನು ಪರೀಕ್ಷಿಸಲು ಗೊತ್ತಾದ ಕ್ಷೇತ್ರ ಕೊಡುವ ಚಿಕ್ಕ ಸುರುಳಿಯೊಂದು ನನ್ನ ಬಳಿ ಯಾವಾಗಲೂ ಇರುತ್ತದೆ. ಅದರೊಳಗಿಟ್ಟು ನೋಡಿದೆ, ಮೀಟರ್ ಸರಿಯಾಗೇ ಇತ್ತು. ಯಂತ್ರ ನಿಲ್ಲಿಸಲು ಹೇಳಿದೆ. ಅಂಕಿ ಪೂರ್ತಿ ಕುಸಿಯಿತು. ಶುರು ಮಾಡಿಸಿದೆ. ಮತ್ತೆ ಎದ್ದು ನಿಂತಿತು.

"ಗೌಡ್ರೇ, ಮೊದಲು ಎದ್ದು ಆಚೆ ಬನ್ನಿ," ಎಂದೆ.

ಅಂಗಳದ ನಲ್ಲಿಯ ಹತ್ತಿರ ನಿಂತು ಮೆಲ್ಲಗೆ ಕೇಳಿದೆ. "ಅವತ್ತು ತಲೆ ಸುತ್ತುತ್ತೆ ಅಂದ್ರಲ್ಲ. ನಿಜವಾಗಿ ಸುತ್ತುತ್ತಾ?"

ಅವರು ಒಳಗಿದ್ದ ಮ್ಯಾನೇಜರ್ ಕಡೆ ನೋಡಿದರು. ಆಮೇಲೆ ನೆಲ ನೋಡಿದರು. "ಒಂದೆರಡ್ ಸಲ ಕಣ್ಣು ಕತ್ಲೆ ಬಂದಂಗಾಯ್ತು. ಹೇಳುದ್ರೆ, ಟೂಲ್ ರೂಮೂ ಬ್ಯಾಡ, ಮನೇಗೋಗು ಅಂದ್ಬುಡ್ತಾರೆ ಅಂತ ಬಾಯ್ಬುಡ್ನಿಲ್ಲ."

ಅಂದೇ ಮ್ಯಾನೇಜರ್ ತಮ್ಮ ಕಾರಿನಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದರು. ಪೇಸ್‌ಮೇಕರ್ ತನಗೆ ಹೊರಗಿನಿಂದ ಆದ ಅಡಚಣೆಗಳನ್ನು ನೆನಪಿಟ್ಟುಕೊಂಡಿರುತ್ತದೆ. ಎದೆಯ ಮೇಲೆ ಉಪಕರಣ ಇಟ್ಟು ನೋಡಿದ ತಂತ್ರಜ್ಞೆ, ಹಲವು ಸಲ ಅಡಚಣೆಯಾಗಿದೆ, ಹೆಚ್ಚಿನ ಸಲ ಅದು ತಾನೇ ಸುರಕ್ಷಿತ ಲಯಕ್ಕೆ ಬದಲಾಗಿ ಕೆಲಸ ಮಾಡಿದೆ, ಅಲ್ಲೊಂದು ಇಲ್ಲೊಂದು ಬಡಿತ ತಪ್ಪಿರಬಹುದು ಎಂದರಂತೆ. ಹೃದಯಕ್ಕೆ ಹಾನಿಯಾಗಿಲ್ಲ ಎಂದು ಡಾಕ್ಟರು ಹೇಳಿದ ಸುದ್ದಿ ಸಂಜೆ ಫೋನಿನಲ್ಲಿ ಬಂತು. ಮ್ಯಾನೇಜರ್ ದನಿ ಇಳಿದುಹೋಗಿತ್ತು. "ಅಲ್ಲಿ ಕೂರಿಸಿದ್ದು ನಾನೇ ಮೇಡಂ. ಒಳ್ಳೇದಾಗಲಿ ಅಂತ ಕೂರಿಸಿದ್ದು."

ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕೂತಿದ್ದರು. ಗೌಡ್ರ ಹೆಂಡತಿ. ಎರಡು ಬಸ್ಸು ಬದಲಿಸಿ ಬಂದಿದ್ದರು. ಒಳಗೆ ಕರೆದು ನೀರು ಕೊಟ್ಟೆ.

"ಔರ್ಗೆ ಗೊತ್ತಾಗ್ದಂಗೆ ಬಂದಿವ್ನಿ ಕಣಕ್ಕ," ಎಂದರು. "ನಿಮ್ ಕೈಲಿ ಒಂದ್ ಉಪಕಾರ ಆಗ್ಬೇಕು. ಈ ಮನ್ಸ ಆ ಮೆಷಿನ್ ತಾವ ನಿಲ್ಲಂಗಿಲ್ಲ ಅಂತ ಬರ್ದುಬುಡಿ."

"ಯಾಕಮ್ಮ? ಅವರಿಗೆ ಆ ಕೆಲಸ ಅಂದ್ರೆ ಪ್ರಾಣ."

"ಆ ಪ್ರಾಣನೇ ಓಗಿದ್ರೆ? ಅವತ್ತು ಬಚ್ಚಲ್ಮನೇಲಿ ಬಿದ್ದಾಗ ಬಾಗ್ಲು ಒಡ್ದೋಳು ನಾನು. ಮಕ್ಳಿಬ್ರೂ ಅವ್ರವ್ರ ಕಾಲ್ಮೇಲೆ ನಿಂತವ್ರೆ, ನಮ್ಗೇನು ಊಟಕ್ಕೆ ತೊಂದ್ರೆ ಇಲ್ಲ. ಮನೇಲೇ ಇರ್ಲಿ, ನನ್ ಕಣ್ಮುಂದೆ."

"ಆಪರೇಷನ್ ಆದ್ಮೇಲೆ ಮನೇಲಿದ್ದಾಗ ಹೇಗಿದ್ರು?"

ಆಕೆ ಸೆರಗಿನ ಅಂಚು ಮಡಿಸಿದರು. "ಗೋಡೆ ನೋಡ್ಕಂಡ್ ಕುಂತಿರೋರು. ಮಾತಾಡ್ಸುದ್ರೂ ಮಾತಿಲ್ಲ," ಎಂದರು.

ಅಳೆದದ್ದನ್ನು ಬಿಟ್ಟು ಬೇರೆ ಏನನ್ನೂ ನಾನು ಬರೆಯುವಂತಿಲ್ಲ ಎಂದು ಹೇಳಿದೆ.

"ಅಳ್ದದ್ದೇ ತಪ್ಪಾದ್ರೆ?"

ನಿನ್ನೆ ಆ ಟೂಲ್ ರೂಮಿಗೆ ಹೋಗದೆ ಬಂದುಬಿಟ್ಟಿದ್ದರೆ ನನ್ನ ಅಳತೆಯೆಲ್ಲ ಸರಿಯಾಗಿರುತ್ತಿತ್ತು, ಗೌಡ್ರು ಮಾತ್ರ ಅದೇ ಕುರ್ಚಿಯಲ್ಲಿ ಕೂತಿರುತ್ತಿದ್ದರು. "ಅದಕ್ಕೇ ಇನ್ನೊಂದು ಸಲ ಅಳೀತೀನಿ," ಎಂದೆ. "ಆ ದಿನ ನೀವೂ ಬನ್ನಿ. ನಿಮ್ಮ ಕಣ್ಮುಂದೆಯೇ ಅಳೀತೀನಿ."

ಆಕೆ ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಕಾಫಿ ಕುಡಿದು ಹೊರಟರು.

ಕಾರ್ಖಾನೆಗೆ ಹೋದಾಗ ಮ್ಯಾನೇಜರ್ ಕೂಡ ಅದನ್ನೇ ಕೇಳಿದರು. "ಸುಮ್ನೆ ಯಾಕೆ ರಿಸ್ಕು ಮೇಡಂ? ಆಗಲ್ಲ ಅಂತ ಬರೆದುಬಿಡಿ. ನಾವೂ ನಿಶ್ಚಿಂತೆಯಿಂದ ಇರ್ತೀವಿ."

ಬರೆಯುವುದು ಸುಲಭವಿತ್ತು. ನನ್ನ ಕೈಯಲ್ಲಿದ್ದ ಅಂಕಿಗಳು ಅದಕ್ಕೆ ಸಾಕಾಗುತ್ತಿದ್ದವು; ಯಾರೂ ಪ್ರಶ್ನಿಸುತ್ತಿರಲಿಲ್ಲ. ಹೆಂಡತಿಗೂ ನೆಮ್ಮದಿ, ಕಾರ್ಖಾನೆಗೂ ನೆಮ್ಮದಿ. ಆದರೆ ಆ ಅಂಕಿ ಎಲ್ಲಿಂದ ಬರುತ್ತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಕಾರಣ ಗೊತ್ತಿಲ್ಲದ ಅಂಕಿಯ ಮೇಲೆ ಒಬ್ಬ ಮನುಷ್ಯನನ್ನು ಮನೆಗೆ ಕಳಿಸಲು ಮನಸ್ಸು ಒಪ್ಪಲಿಲ್ಲ. ಟೂಲ್ ರೂಮಿನಲ್ಲಿ ನಾಳೆ ಇನ್ನೊಬ್ಬರು ಕೂರುತ್ತಾರೆ. ಅವರ ಎದೆಯಲ್ಲೂ ಏನಿದೆಯೋ.

"ಕಾರಣ ಸಿಗೋವರೆಗೂ ನಾನು ವರದಿ ಕೊಡಲ್ಲ," ಎಂದೆ. ಮ್ಯಾನೇಜರ್ ಒಂದು ಗಳಿಗೆ ನನ್ನ ಮುಖ ನೋಡಿ, ಮೇಂಟೆನೆನ್ಸ್‌ನವರನ್ನು ಕರೆಸಿದರು.

ಪ್ರೋಬ್ ಹಿಡಿದು ಟೂಲ್ ರೂಮಿನ ಗೋಡೆಯುದ್ದಕ್ಕೂ ಹೋದೆ. ಮೇಲಕ್ಕೆತ್ತಿದರೆ ಅಂಕಿ ಇಳಿಯುತ್ತಿತ್ತು, ಬಗ್ಗಿಸಿದರೆ ಏರುತ್ತಿತ್ತು. ರ‍್ಯಾಕುಗಳ ಹಿಂದೆ ನೆಲಮಟ್ಟದಲ್ಲಿ ಅದು ಗರಿಷ್ಠವಾಗಿತ್ತು. ರ‍್ಯಾಕು ಸರಿಸಿ, ತಗಡಿನ ಮುಚ್ಚಳ ತೆಗೆಸಿದೆವು. ತೋಳಿನಷ್ಟು ದಪ್ಪದ, ಒಳಗೆ ನೀರು ಹರಿಯುವ ಒಂದು ಕೇಬಲ್ ಗೋಡೆಯ ಬುಡದಲ್ಲಿ ಮಲಗಿತ್ತು.

ಒಂದೇ ಒಂದು. ಅದರ ಜೊತೆಗಾರ ಎಲ್ಲಿ?

ವಿದ್ಯುತ್ ಒಂದು ಕೇಬಲಿನಲ್ಲಿ ಸುರುಳಿಗೆ ಹೋಗಿ ಇನ್ನೊಂದರಲ್ಲಿ ವಾಪಸ್ ಬರಬೇಕು. ಎರಡನ್ನೂ ಅಂಟಿಸಿ ಹಾಕಿದರೆ ಒಂದರ ಕ್ಷೇತ್ರವನ್ನು ಇನ್ನೊಂದರದ್ದು ಅಳಿಸಿಹಾಕುತ್ತದೆ, ಹತ್ತಿರ ನಿಂತರೂ ಅಷ್ಟಾಗಿ ತಿಳಿಯುವುದಿಲ್ಲ. ಬೇರೆ ಬೇರೆ ಮಾಡಿದರೆ ಒಂದೊಂದೂ ತನ್ನ ಕ್ಷೇತ್ರವನ್ನು ಸುತ್ತೆಲ್ಲ ಹರಡುತ್ತದೆ. ಅಂಥ ಒಂಟಿ ಕೇಬಲಿನಿಂದ ಎರಡು ಪಟ್ಟು ದೂರ ಹೋದರೂ ತೀವ್ರತೆ ಅರ್ಧಕ್ಕಷ್ಟೇ ಇಳಿಯುತ್ತದೆ. ಸುರುಳಿಯಂತೆ ಬೇಗ ಬಿಟ್ಟುಕೊಡುವುದಿಲ್ಲ. ಇನ್ನೊಂದು ಕೇಬಲ್ ಗೋಡೆಯ ಆಚೆ, ಯಂತ್ರದ ಕಡೆಯಿತ್ತು.

"ಹಿಂದೆ ಒಂದು ಸಲ ಕೇಬಲ್ ಲೀಕ್ ಆಗಿತ್ತು," ಎಂದರು ಮೇಂಟೆನೆನ್ಸ್‌ನ ಹಿರಿಯರು ತಲೆ ಕೆರೆದುಕೊಳ್ಳುತ್ತ. "ಹೊಸದು ಉದ್ದ ಬಂದ್ಬುಟ್ಟಿತ್ತು. ಸುತ್ತಿ ಇಟ್ರೆ ಕಾಯುತ್ತೆ ಅಂತ ಈ ಕಡೆಯಿಂದ ಬಳಸಿ ತಗೊಂಡ್ವಿ. ಮೆಷಿನ್ ಚೆನ್ನಾಗೇ ಓಡ್ತಿತ್ತಲ್ಲ ಮೇಡಂ."

ಅದು ನಿಜ. ಮೆಷಿನ್ ಚೆನ್ನಾಗೇ ಓಡುತ್ತಿತ್ತು. ಕಾಣದ್ದನ್ನು, ಕೇಳದ್ದನ್ನು, ಯಾರು ತಾನೇ ಗಮನಿಸುತ್ತಾರೆ?

ವಾರದ ರಜೆಯ ದಿನ ಸರಿಯಾದ ಉದ್ದದ ಕೇಬಲ್ ಹಾಕಿ, ಎರಡನ್ನೂ ಜೋಡಿಸಿ, ಒಂದನ್ನೊಂದು ದೂಡಿಕೊಂಡು ಅದುರದಂತೆ ಮರದ ಕ್ಲಾಂಪುಗಳಿಂದ ಬಿಗಿದರು. ನಾನೂ ಹೋಗಿದ್ದೆ. ಎಲ್ಲ ಮುಗಿದು ಗುಂಡಿ ಒತ್ತಿದರೆ ಯಂತ್ರ ಶುರುವೇ ಆಗಲಿಲ್ಲ. ಕೆಂಪು ದೀಪ ಹತ್ತಿ ಟ್ರಿಪ್ ಆಯಿತು. ಮತ್ತೆ ಒತ್ತಿದರು, ಮತ್ತೆ ಟ್ರಿಪ್. ಹೊರಗೆ ಶಾಫ್ಟುಗಳು ಗುಡ್ಡೆ ಬಿದ್ದಿದ್ದವು. ಮ್ಯಾನೇಜರ್ ಹೋಗಿ ಆ ಗುಡ್ಡೆಯನ್ನು ನೋಡಿಕೊಂಡು ಬಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಯಂತ್ರದ ಕಂಪನಿಯ ಎಂಜಿನಿಯರಿಗೆ ಫೋನು ಮಾಡಿ ವಿವರಿಸಿದ ಮೇಲೆ ಕಾರಣ ಹೊಳೆಯಿತು. ಕೇಬಲ್‌ಗಳೆರಡೂ ದೂರ ದೂರವಿದ್ದ ಆ ಅಗಲವಾದ ದಾರಿಗೆ ಹೊಂದುವಂತೆ ಯಂತ್ರವನ್ನು ಶ್ರುತಿ ಮಾಡಿದ್ದರು. ದಾರಿ ಕಿರಿದಾದ ಮೇಲೆ ಶ್ರುತಿ ತಪ್ಪಿತ್ತು. ಮರುದಿನ ಅವರೇ ಬಂದು, ಆ ಶ್ರುತಿಯನ್ನು ಹಿಡಿದಿಡುವ ಕೆಪಾಸಿಟರ್‌ಗಳ ಜೋಡಣೆ ಬದಲಿಸಿದರು. ಈ ಸಲ ಯಂತ್ರ ಎದ್ದಿತು. ಅಷ್ಟೇ ಅಲ್ಲ, ಕೇಬಲಿನಲ್ಲಿ ಪೋಲಾಗುತ್ತಿದ್ದದ್ದೂ ಉಳಿದು, ಶಾಫ್ಟುಗಳು ಮೊದಲಿಗಿಂತ ಬೇಗ ಕಾದವು. ಮ್ಯಾನೇಜರ್ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ನೋಡಿದೆ. ನಾನು ಓಡಿಹೋಗಿ ಟೂಲ್ ರೂಮಿನಲ್ಲಿ ಪ್ರೋಬ್ ಹಿಡಿದೆ. ಮೀಟರ್ ನಿದ್ದೆ ಮಾಡುತ್ತಿರುವಂತಿತ್ತು.

ಇಲ್ಲಿಗೆ ನನ್ನ ಅಳತೆ ಮುಗಿಯಿತು. ಆದರೂ "ಅಳ್ದದ್ದೇ ತಪ್ಪಾದ್ರೆ?" ಎಂದ ಗೌಡ್ರ ಹೆಂಡತಿಯ ಪ್ರಶ್ನೆ ಕಿವಿಯಲ್ಲಿತ್ತು. ಗೌಡ್ರ ಡಾಕ್ಟರನ್ನು ಕಂಡು, ಕಾರ್ಖಾನೆಯಲ್ಲೇ ಒಂದು ಪರೀಕ್ಷೆ ಮಾಡೋಣವೇ ಎಂದು ಕೇಳಿದೆ. ಅವರು ಒಪ್ಪಿ, ತಾವೇ ತಂತ್ರಜ್ಞೆಯ ಜೊತೆ ಬರುವುದಾಗಿ ಹೇಳಿದರು. ಗೌಡ್ರ ಮನೆಗೂ ಸುದ್ದಿ ಕಳಿಸಿದೆ.

ಆಕೆ ಬಂದರು. ಗೌಡ್ರ ಪಕ್ಕದಲ್ಲಿ, ಹೊಸ ಸೀರೆಯುಟ್ಟು, ಗೇಟಿನಲ್ಲಿ ಕೊಟ್ಟ ಹಳದಿ ಹೆಲ್ಮೆಟ್ಟನ್ನು ಮುಡಿದ ಹೂವಿಗೆ ತಾಗದಂತೆ ಹಾಕಿಕೊಂಡು. ಕಾರ್ಖಾನೆಯ ಒಳಗೆ ಅವರು ಕಾಲಿಟ್ಟದ್ದು ಅದೇ ಮೊದಲು.

"ಇಷ್ಟ್ ವರ್ಸ ಡಬ್ಬಿ ಕಟ್ಟಿ ಕಳ್ಸಿವ್ನಿ. ಎಲ್ಲಿ ಕುಂತ್ಕಂಡ್ ತಿಂತಾರೆ ಅಂತ ನೋಡಿರ್ನಿಲ್ಲ ಕಣಕ್ಕ," ಎಂದು ನನ್ನ ಕಿವಿಯಲ್ಲಿ ಹೇಳಿದರು.

ಯಂತ್ರ ಶುರುವಾಯಿತು. ಸುರುಳಿಯೊಳಗಿನ ಶಾಫ್ಟು ಮಂಕಾಗಿ, ಆಮೇಲೆ ಕೆಂಪಗೆ, ಆಮೇಲೆ ಹಣ್ಣಾದ ಕಿತ್ತಳೆಯಂತೆ ಬೆಳಗಿತು. ಆಕೆ ಬಾಯಿಗೆ ಕೈ ಇಟ್ಟುಕೊಂಡು ನೋಡಿದರು. "ಬೆಂಕಿನೇ ಇಲ್ವಲ್ಲ!"

ನಾನು ಮೀಟರನ್ನು ಆಕೆಯ ಕೈಗೆ ಕೊಟ್ಟೆ. ಎಲ್ಲಿಯವರೆಗೆ ಅಂಕಿ ಇರಬಹುದು, ಎಲ್ಲಿಂದ ಮೇಲೆ ಕೂಡದು ಎಂದು ತೋರಿಸಿದೆ. "ನೀವೇ ನಡೀರಿ. ನಿಮ್ಮ ಎದೆ ಎತ್ತರಕ್ಕೆ ಹಿಡೀರಿ."

ಆಕೆ ಎರಡೂ ಕೈಯಲ್ಲಿ ಹಿಡಿದು, ತುಂಬಿದ ಕೊಡ ತರುವವರಂತೆ ಮೆಲ್ಲಗೆ ಹೆಜ್ಜೆ ಹಾಕಿದರು. ಸುರುಳಿಯ ಕಡೆ ಹೋದಂತೆ ಅಂಕಿ ಏರಿತು, ತಟ್ಟನೆ ನಿಂತರು. ಹಿಂದೆ ಸರಿದರು, ಇಳಿಯಿತು. ಮತ್ತೆ ಮುಂದೆ, ಮತ್ತೆ ಹಿಂದೆ. ಯಾರ ಮಾತೂ ಬೇಡವಾಗಿತ್ತು ಆಕೆಗೆ. ಆಮೇಲೆ ಟೂಲ್ ರೂಮಿಗೂ ಹೋಗಿ, ಆ ಕುರ್ಚಿಯ ಸುತ್ತ ಪ್ರದಕ್ಷಿಣೆ ಹಾಕಿದಂತೆ ಒಂದು ಸುತ್ತು ಬಂದು ನೋಡಿದರು.

ಬಳಿಕ ಗೌಡ್ರನ್ನು ಹಿಂದಕ್ಕೆ ಸರಿಸಿದ್ದ ಪ್ಯಾನೆಲ್ಲಿನ ಮುಂದೆ ನಿಲ್ಲಿಸಿ, ಎದೆಗೆ ಇಸಿಜಿ ತಂತಿಗಳನ್ನು ಅಂಟಿಸಿದರು. ಮೊದಲು ಸಣ್ಣ ಸರಳು, ಆಮೇಲೆ ದಪ್ಪ ಶಾಫ್ಟು, ಪೂರ್ಣ ಶಕ್ತಿ. ಸ್ವಿಚ್ಚು ಹಾಕುವ, ಆರಿಸುವ ಗಳಿಗೆಯನ್ನೂ ಬಿಡದೆ ಮತ್ತೆ ಮತ್ತೆ ನೋಡಿದರು. ತಂತ್ರಜ್ಞೆಯ ಪರದೆಯ ಮೇಲೆ ಬಡಿತಗಳು ಒಂದರ ಹಿಂದೊಂದು ಸಾಗುತ್ತಿದ್ದವು.

"ಒಂದೂ ತಪ್ಪಿಲ್ಲ," ಎಂದರು ಡಾಕ್ಟರು.

ಷರತ್ತುಗಳು ಗಟ್ಟಿಯಾದವು. ಗೌಡ್ರು ಪ್ಯಾನೆಲ್ ನೋಡಿಕೊಳ್ಳಬೇಕು; ಸುರುಳಿಗೆ ಶಾಫ್ಟು ಇಡುವುದು, ತೆಗೆಯುವುದು ಬೇರೆಯವರ ಕೆಲಸ; ಯಂತ್ರ ನಡೆಯುವಾಗ ಗೆರೆ ದಾಟುವಂತಿಲ್ಲ. ನಾನು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದೆ.

"ಇನ್ನೂ ಹಿಂದಕ್ಕೆ," ಎಂದರು ಆಕೆ.

"ಇಲ್ಲೇ ಸಾಕಮ್ಮ, ನೀವೇ ನೋಡಿದ್ರಲ್ಲ."

"ನೋಡ್ದೆ. ಆದ್ರೂ ಇನ್ನೊಂದ್ ಮೊಳ ಹಿಂದಕ್ಕೆ ಎಳೀರಿ."

ಗೌಡ್ರು ಸಿಡುಕಿದರು. "ಅಷ್ಟ್ ದೂರ ನಿಂತ್ಕಂಡ್ರೆ ಕಬ್ಣದ್ ಬಣ್ಣ ಎಂಗ್ ಕಾಣ್ಸುತ್ತೆ ನಂಗೆ?"

"ನಿಂತ್ಕಂಡ್ ನೋಡಿ. ಕಾಣ್ದಿದ್ರೆ ಆಮೇಲೆ ಹೇಳಿ."

ಗೌಡ್ರು ಆಕೆ ತೋರಿಸಿದಲ್ಲಿ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ಸುರುಳಿಯನ್ನೇ ದಿಟ್ಟಿಸಿದರು. ಶಾಫ್ಟು ಬೆಳಗಿತು. "ಕಾಣ್ತದೆ," ಎಂದರು, ಸೋತವರಂತೆ. ಮ್ಯಾನೇಜರ್ ಜೋರಾಗಿ ನಕ್ಕರು, ಹಳದಿ ಬಣ್ಣದ ಡಬ್ಬಿ ತರಿಸಿದರು. ನನ್ನ ಲೆಕ್ಕಕ್ಕಿಂತ ಒಂದು ಮೊಳ ಹಿಂದಿದ್ದ ಆ ದೂರವನ್ನೇ ವರದಿಯಲ್ಲಿ ಬರೆದು ಸಹಿ ಹಾಕಿದೆ.

ಕೆಲವು ವಾರಗಳಾದ ಮೇಲೆ ಮರುಅಳತೆಗೆಂದು ಹೋದೆ. ಗೌಡ್ರು ಪ್ಯಾನೆಲ್ಲಿನ ಮುಂದೆ ಒಂದು ಕೈ ಸೊಂಟದ ಮೇಲಿಟ್ಟು ನಿಂತಿದ್ದರು. ನನ್ನನ್ನು ಕಂಡು ತಲೆಯಾಡಿಸಿದರು, ಕೆಲಸ ಬಿಟ್ಟು ಬರಲಿಲ್ಲ. ಅಷ್ಟರಲ್ಲಿ ಸುರುಳಿಯ ಹತ್ತಿರ ನಿಂತಿದ್ದ ಹೊಸ ಆಪರೇಟರ್, ಏನೋ ಸಂಶಯ ಬಂದು, "ಗೌಡ್ರೇ, ಸ್ವಲ್ಪ ಇಲ್ಲಿ ಬಂದು ನೋಡಿ," ಎಂದು ಕರೆದರು.

ಗೌಡ್ರು ಹಳದಿ ಗೆರೆಯತ್ತ ಕೈ ತೋರಿಸಿದರು.

"ನಮ್ಮನೆಯವ್ಳು ಎಳ್ಸಿರೋ ಗೆರೆ ಕಣಪ್ಪ ಅದು. ನೀನೇ ಈ ಕಡೆ ಬಾ."